ಮರೀಚಿಯ ಪಕ್ಕದ ಸುಳಿ: ನಮ್ಮ ಕಡೆಯಿಂದ ಎಂ 51 ಗೆಲಾಕ್ಸಿಯನ್ನು ನೋಡುವ ಬಗೆ

ಇದನ್ನು ನೇರವಾಗಿ ನೋಡಿದರೆ ಕಾಣುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಒಂದು ಮಾತು ತಲೆಗೆ ಹೋಗದೆ ನಾನು ಎರಡು ಬೇಸಿಗೆಗಳನ್ನು ಕಳೆದುಕೊಂಡೆ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡಕದ ಅಂಗಡಿ ನಡೆಸುತ್ತಿರುವವನು ನಾನು. ಕಣ್ಣಿನೊಳಗೆ ಏನೇನಿದೆ ಎಂದು ದಿನಕ್ಕೆ ಹತ್ತು ಜನರಿಗೆ ವಿವರಿಸುತ್ತೇನೆ. ಅಂಥವನೇ ಟೆಲಿಸ್ಕೋಪಿಗೆ ಕಣ್ಣಿಟ್ಟು ದುರುಗುಟ್ಟಿ ನೋಡಿ, ಏನೂ ಕಾಣದೆ, ಅದನ್ನು ಮಾರಿದವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಟೆಲಿಸ್ಕೋಪಿನಲ್ಲಿ ಯಾವ ದೋಷವೂ ಇರಲಿಲ್ಲ.

ಗುರಿ ಎಂ 51, ಅಂದರೆ ಮೆಸ್ಸಿಯೇ ಎಂಬವನ ಪಟ್ಟಿಯ 51ನೆಯ ವಸ್ತು, ಕೋಟ್ಯಂತರ ನಕ್ಷತ್ರಗಳು ಕೂಡಿದ ಒಂದು ಗೆಲಾಕ್ಸಿ. ಇಂಗ್ಲಿಷಿನವರು ವರ್ಲ್‌ಪೂಲ್ ಗೆಲಾಕ್ಸಿ ಎನ್ನುತ್ತಾರೆ. ನಾವು ಸುಳಿ ಎಂದರೆ ಸಾಕು. ಭದ್ರಾ ನಾಲೆಯ ತೂಬಿನ ಬಾಯಲ್ಲಿ ನೀರು ಸುತ್ತಿಕೊಂಡು ಇಳಿಯುತ್ತದಲ್ಲ, ಅದೇ ಆಕಾರ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿಯ ಪಕ್ಕದಲ್ಲೇ ಇದೆ, ಆದರೆ ಲೆಕ್ಕಕ್ಕೆ ಬೇಟೆನಾಯಿಗಳು ಎಂಬ ಬೇರೆ ಪುಂಜಕ್ಕೆ ಸೇರಿದ್ದು. ದೂರ ಸುಮಾರು 3 ಕೋಟಿ ಜ್ಯೋತಿರ್ವರ್ಷ. ಹೋಲಿಕೆಗೆ ಹೇಳುವುದಾದರೆ ಸಪ್ತರ್ಷಿಗಳಲ್ಲಿ ವಸಿಷ್ಠನ ದೂರ 80 ಜ್ಯೋತಿರ್ವರ್ಷದ ಆಸುಪಾಸು. ಅಂದರೆ ವಸಿಷ್ಠ ನಮ್ಮ ಓಣಿಯವನು.

ಯಾವಾಗ ನೋಡಬೇಕು ಎಂಬುದಕ್ಕೆ ಪಂಚಾಂಗ ಸಾಕು. ಚಂದ್ರನಿರಬಾರದು, ಸುಳಿ ಎತ್ತರದಲ್ಲಿರಬೇಕು. ಈ ಎರಡೂ ಕೂಡಿಬರುವ ರಾತ್ರಿಗಳು ವರ್ಷಕ್ಕೆ ಬಹಳವೇನೂ ಇಲ್ಲ. ಮೊದಲನೆಯದು ಶಿವರಾತ್ರಿ. ಅಮಾವಾಸ್ಯೆಯ ಹಿಂದಿನ ದಿನ, ಚಂದ್ರ ಬೆಳಗಿನ ಜಾವದಲ್ಲಿ ತೆಳು ಗೀರಾಗಿ ಹುಟ್ಟುತ್ತಾನೆ, ಹೇಗಿದ್ದರೂ ಜಾಗರಣೆ ಇದೆ. ರಾತ್ರಿ ಒಂದು ಗಂಟೆಗೆ ಸುಳಿ ಈಶಾನ್ಯದಲ್ಲಿ ಚೆನ್ನಾಗಿ ಮೇಲೆದ್ದಿರುತ್ತದೆ, ಮೂರು ಮೂರೂವರೆಗೆ ನೆತ್ತಿಯ ಕಡೆಗೆ ಬಂದಿರುತ್ತದೆ. ನಾನು ಇದನ್ನು ಮೊದಲ ಬಾರಿ ಕಂಡದ್ದು ಶಿವರಾತ್ರಿಯ ರಾತ್ರಿಯೇ. ಭಜನೆಗೆ ಕೂರದೆ ಹೊಲಕ್ಕೆ ಹೋದೆನೆಂದು ಮನೆಯಲ್ಲಿ ಇಂದಿಗೂ ಆಕ್ಷೇಪವಿದೆ. ಎರಡನೆಯದು ಯುಗಾದಿ ಅಮಾವಾಸ್ಯೆ. ಮೂರನೆಯದು, ನಿದ್ದೆಗೇಡು ಕಡಿಮೆ ಇರುವ ಕಾರಣ ಎಲ್ಲರಿಗೂ ನಾನು ಹೇಳುವುದು, ಬಸವ ಜಯಂತಿಗೆ ಎರಡು ಮೂರು ದಿನ ಮುಂಚಿನ ಅಮಾವಾಸ್ಯೆ. ಏಪ್ರಿಲ್ ಕೊನೆಯ ವಾರದಲ್ಲಿ ರಾತ್ರಿ ಹನ್ನೊಂದೂವರೆಗೆ, ಮೇ ತಿಂಗಳ ನಡುವಿನಲ್ಲಿ ಹತ್ತೂ ಇಪ್ಪತ್ತರ ಹೊತ್ತಿಗೆ ಇದು ಅತಿ ಎತ್ತರಕ್ಕೆ ಬರುತ್ತದೆ. ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗುತ್ತ ಹೋಗುತ್ತದೆ, ತಿಂಗಳಿಗೆ ಎರಡು ಗಂಟೆ. ಇಷ್ಟು ಗೊತ್ತಿದ್ದರೆ ಉಳಿದ ದಿನಗಳ ಲೆಕ್ಕ ನೀವೇ ಹಾಕಬಹುದು. ನಾಯಕನಹಟ್ಟಿ ತೇರಿಗೆ ಹೋದವರು ಅಲ್ಲಿಂದಲೇ ನೋಡಿಬರುತ್ತೇವೆ ಎಂದುಕೊಂಡರೆ ಆಗುವುದಿಲ್ಲ. ಆ ತೇರು ಫಾಲ್ಗುಣದ ಹುಣ್ಣಿಮೆಯ ಆಸುಪಾಸು. ಬೆಳದಿಂಗಳಿನಲ್ಲಿ ಗೆಲಾಕ್ಸಿ ಹುಡುಕುವುದು ಬಿಳಿ ಅಂಗಿಯ ಮೇಲೆ ಬಿದ್ದ ಹತ್ತಿಯ ಎಳೆ ಹುಡುಕಿದಂತೆ.

ಏಪ್ರಿಲ್ ತಿಂಗಳ ನಮ್ಮ ಆಕಾಶದಲ್ಲಿ ದೂಳು ಹೆಚ್ಚು. ಅದನ್ನು ತೊಳೆಯುವುದು ಅಶ್ವಿನಿ, ಭರಣಿ ಮಳೆಗಳು. ಭರಣಿ ಮಳೆ ಬಂದರೆ ಧರಣಿ ಬದುಕೀತು ಎಂಬ ಗಾದೆ ರೈತರದ್ದು. ಆ ಮಳೆಯ ಮರುದಿನದ ರಾತ್ರಿ ಮಾತ್ರ ನನ್ನದು. ಮೋಡ ಸರಿದಿದ್ದರೆ ಅಂಥ ಕಪ್ಪು ಆಕಾಶ ಇಡೀ ಬೇಸಿಗೆಯಲ್ಲಿ ಮತ್ತೆ ಸಿಗುವುದಿಲ್ಲ.

ಇನ್ನು ಜಾಗ. ಮನೆಯ ತಾರಸಿಯನ್ನು ಮರೆತುಬಿಡಿ. ಎಂ 51ರ ಒಟ್ಟು ಬೆಳಕು 8.4ನೆಯ ಕಾಂತಿಮಾನದ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) ಒಂದು ನಕ್ಷತ್ರದಷ್ಟಿದೆ ಎಂದು ಪುಸ್ತಕದಲ್ಲಿ ಓದಿ ನಾನು ಮೋಸಹೋದೆ. ಆ ಕಾಂತಿಮಾನದ ನಕ್ಷತ್ರ ಪುಟ್ಟ ಬೈನಾಕ್ಯುಲರಿನಲ್ಲಿ ಊರೊಳಗಿಂದಲೂ ಕಾಣುತ್ತದೆ. ಆದರೆ ಇಲ್ಲಿ ಅಷ್ಟೇ ಬೆಳಕು ಅಗಲವಾಗಿ ಹರಡಿಕೊಂಡಿದೆ. ದಾವಣಗೆರೆಯವನು ಬೆಣ್ಣೆ ದೋಸೆಯ ಮಾತು ತೆಗೆಯದೆ ಬರೆದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಹೇಳುತ್ತೇನೆ: ಒಂದು ಚಮಚ ಬೆಣ್ಣೆಯನ್ನು ಒಂದೇ ದೋಸೆಯ ನಡುವೆ ಇಟ್ಟರೆ ಎದುರಿನ ಮೇಜಿಗೂ ಕಾಣುತ್ತದೆ, ಅದೇ ಚಮಚವನ್ನು ಇಪ್ಪತ್ತು ದೋಸೆಗೆ ಸವರಿದರೆ ಬೆಣ್ಣೆ ಹಾಕಿದ್ದೀರೋ ಇಲ್ಲವೋ ಎಂದು ಜಗಳವಾಗುತ್ತದೆ. ಊರಿನ ಬೀದಿದೀಪಗಳ ಬೆಳಕು ಆಕಾಶಕ್ಕೆ ಹಾಲು ಸುರಿದಂತೆ ಹಬ್ಬಿರುವಾಗ ಈ ತೆಳು ಲೇಪ ಎಲ್ಲಿಂದ ಕಾಣಬೇಕು?

ಎಷ್ಟು ದೂರ ಹೋಗಬೇಕು ಎಂಬುದಕ್ಕಿಂತ ಯಾವ ದಿಕ್ಕಿಗೆ ಹೋಗಬೇಕು ಎಂಬುದು ಮುಖ್ಯ. ಸುಳಿ ಇರುವುದು ಉತ್ತರದ ಆಕಾಶದಲ್ಲಿ. ಹಾಗಾದರೆ ನೀವು ಊರಿನ ಉತ್ತರಕ್ಕೆ ಹೋಗಿ, ಊರಿಗೆ ಬೆನ್ನು ಹಾಕಿ ನಿಲ್ಲಬೇಕು. ದಕ್ಷಿಣಕ್ಕೆ ಹೋದರೆ ಊರಿನ ಬೆಳಕಿನ ಮೇಲೆಯೇ ನೋಡಿದಂತಾಗುತ್ತದೆ. ನನಗೆ ಅದೃಷ್ಟವಶಾತ್ ಮಾವನವರ ಹೊಲ ಜಗಳೂರು ತಾಲ್ಲೂಕಿನಲ್ಲಿದೆ. ಬಿಳಿಚೋಡು ದಾಟಿದ ಮೇಲೆ ದಾವಣಗೆರೆಯ ಬೆಳಕು ಪಶ್ಚಿಮ-ನೈರುತ್ಯದ ಕಡೆಗೆ ಉಳಿಯುತ್ತದೆ, ಚಿತ್ರದುರ್ಗದ್ದು ದಕ್ಷಿಣಕ್ಕೆ. ಕೊಟ್ಟೂರು, ಕೂಡ್ಲಿಗಿಯ ಕಡೆಗೆ ಮುಖ ಮಾಡಿದರೆ ಸಾಕಷ್ಟು ಕತ್ತಲೆ. ಚಿತ್ರದುರ್ಗದವರಿಗೂ ಇದೇ ದಾರಿ ಒಳ್ಳೆಯದು. ಜೋಗಿಮಟ್ಟಿಗೆ ಹೋಗೋಣ ಎಂದು ಗೆಳೆಯರು ಹೇಳುತ್ತಾರೆ, ಆದರೆ ಅದು ಅಭಯಾರಣ್ಯ, ರಾತ್ರಿ ಹೊತ್ತು ಹೋಗುವ ಜಾಗವಲ್ಲ. ಪರಿಚಯದವರ ಹೊಲಕ್ಕಿಂತ ಉತ್ತಮ ವೀಕ್ಷಣಾಲಯ ನಮ್ಮಂಥವರಿಗೆ ಇಲ್ಲ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿರುತ್ತವೆ. ಚಿಂತೆ ಬೇಡ, ಕೆಂಪು ನಮಗೆ ಶತ್ರುವಲ್ಲ, ಕಾರಣ ಮುಂದೆ ಹೇಳುತ್ತೇನೆ.

ಹೊಲದಲ್ಲಿ ಉತ್ತ ಮಣ್ಣಿನ ಮೇಲೆ ಟೆಲಿಸ್ಕೋಪ್ ನಿಲ್ಲಿಸಬೇಡಿ, ಒಂದು ಕಡೆ ಕುಸಿಯುತ್ತದೆ. ಕಣವಿದ್ದರೆ ಕಣದಲ್ಲಿ, ಇಲ್ಲವೆಂದರೆ ಚಪ್ಪಡಿ ಕಲ್ಲಿನ ಮೇಲೆ. ಕಾಲಿಗೆ ಬೂಟು ಇರಲಿ, ಚೇಳುಗಳಿಗೂ ಬೇಸಿಗೆಯ ರಾತ್ರಿಗಳೇ ಇಷ್ಟ. ಕಾರಿನಲ್ಲಿ ಕಾದ ಟೆಲಿಸ್ಕೋಪಿನ ಕನ್ನಡಿ ತಣ್ಣಗಾಗಲು ಮುಕ್ಕಾಲು ಗಂಟೆ ಬೇಕು. ಬಂದ ಕೂಡಲೇ ಹೊರಗಿಡಿ. ನನ್ನದು 6 ಇಂಚಿನ ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ನ್ಯೂಟನ್ ಮಾದರಿಯ ಟೆಲಿಸ್ಕೋಪ್), ನಾಭಿದೂರ 1200 ಮಿ.ಮೀ. 25 ಮಿ.ಮೀ. ಕಣ್ಣುಮಸೂರ ಹಾಕಿದರೆ 48 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಇದಕ್ಕಿಂತ ದೊಡ್ಡದಿದ್ದರೆ ಸಂತೋಷ. ಬರೀ 10×50 ಬೈನಾಕ್ಯುಲರ್ ಇದ್ದರೂ ಬನ್ನಿ, ಮಂಜಿನ ಬೊಟ್ಟಿನಂತೆ ಕಾಣುತ್ತದೆ.

ಈಗ ನನ್ನ ಕಸುಬಿನ ವಿಷಯ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಸುಮಾರು 60 ಲಕ್ಷ. ಬಣ್ಣ, ಸೂಕ್ಷ್ಮ ವಿವರ, ಪತ್ರಿಕೆ ಓದುವುದು, ಸೂಜಿಗೆ ದಾರ ಪೋಣಿಸುವುದು ಇವುಗಳ ಕೆಲಸ. ಹಗಲು ಪಾಳಿಯವರು. ದಂಡಕೋಶಗಳು ಸುಮಾರು 12 ಕೋಟಿ. ಬಣ್ಣ ತಿಳಿಯದು, ಅಕ್ಷರ ತಿಳಿಯದು, ಆದರೆ ಬೆಳಕಿನ ಒಂದೇ ಒಂದು ಕಣ ಬಂದು ತಾಗಿದರೂ ಸ್ಪಂದಿಸಬಲ್ಲವು. ರಾತ್ರಿ ಪಾಳಿಯವರು. ತೊಂದರೆ ಏನೆಂದರೆ, ನಾವು ಯಾವುದನ್ನಾದರೂ ನೇರವಾಗಿ ನೋಡಿದಾಗ ಅದರ ಬಿಂಬ ಬೀಳುವ ನಡುಮಧ್ಯದ ಚುಕ್ಕೆಯಲ್ಲಿ ಬರೀ ಶಂಕುಕೋಶಗಳೇ ಇವೆ. ರಾತ್ರಿ ಪಾಳಿಯವರಲ್ಲಿ ಒಬ್ಬನೂ ಅಲ್ಲಿಲ್ಲ. ಮಂಕು ವಸ್ತುವನ್ನು ನೇರ ನೋಡುವುದೆಂದರೆ ಮಧ್ಯರಾತ್ರಿ ಬೀಗ ಹಾಕಿದ ಕಚೇರಿಯ ಬಾಗಿಲು ತಟ್ಟಿದ ಹಾಗೆ.

ಆದ್ದರಿಂದ ಪಕ್ಕಕ್ಕೆ ನೋಡಬೇಕು. ಯಾವ ಪಕ್ಕಕ್ಕೆ ಎಂಬುದನ್ನು ಎಲ್ಲರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪ್ರತಿ ಕಣ್ಣಿಗೂ ಒಂದು ಕುರುಡುಚುಕ್ಕೆ ಇದೆ, ನರ ಹೊರಗೆ ಹೋಗುವ ಜಾಗ; ಅಲ್ಲಿ ಬಿದ್ದ ಬಿಂಬ ಕಾಣುವುದೇ ಇಲ್ಲ. ಅಂಗಡಿಗೆ ಬರುವ ಹುಡುಗರಿಗೆ ನಾನು ಕಾಗದದ ಮೇಲೆ ಪಕ್ಕಪಕ್ಕ ಎರಡು ಚುಕ್ಕೆ ಇಟ್ಟು ತೋರಿಸುತ್ತೇನೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಚುಕ್ಕೆಯನ್ನೇ ನೋಡುತ್ತ ಕಾಗದವನ್ನು ನಿಧಾನವಾಗಿ ಹತ್ತಿರ ತಂದರೆ ಒಂದು ಹಂತದಲ್ಲಿ ಬಲಗಡೆಯ ಚುಕ್ಕೆ ಮಾಯ. ಅಂದರೆ ಬಲಗಣ್ಣಿನ ಕುರುಡುಚುಕ್ಕೆ ನೋಟದ ಬಲಭಾಗದಲ್ಲಿ, ಕಿವಿಯ ಕಡೆಗೆ ಇದೆ. ಗೆಲಾಕ್ಸಿ ಆ ಕಡೆಗೆ ಬೀಳಬಾರದು, ಮೂಗಿನ ಕಡೆಗೆ ಬೀಳಬೇಕು. ಹಾಗಾಗಿ ಬಲಗಣ್ಣಿನಿಂದ ನೋಡುವವರು ದೃಷ್ಟಿಯನ್ನು ಗೆಲಾಕ್ಸಿಯಿಂದ ಬಲಕ್ಕೆ ಸರಿಸಬೇಕು, ಎಡಗಣ್ಣಿನವರು ಎಡಕ್ಕೆ. ಎಷ್ಟು? ಕಣ್ಣುಮಸೂರದಲ್ಲಿ ಕಾಣುವ ವೃತ್ತದ ನಡುವಿನಿಂದ ಅಂಚಿನವರೆಗಿನ ದೂರದಲ್ಲಿ ಅರ್ಧದಷ್ಟು. ಗಮನ ಮಾತ್ರ ಗೆಲಾಕ್ಸಿಯ ಮೇಲೆಯೇ ಇರಬೇಕು. ಮದುವೆ ಮನೆಯಲ್ಲಿ ಒಬ್ಬರ ಜೊತೆ ಮಾತನಾಡುತ್ತ ಪಕ್ಕದವರ ಒಡವೆ ಗಮನಿಸುವ ಕಲೆ ನಮ್ಮಲ್ಲಿ ಅನೇಕರಿಗೆ ಸಿದ್ಧಿಸಿದೆ, ಅದೇ ಇದು.

ದಂಡಕೋಶಗಳಿಗೆ ಕತ್ತಲೆ ಒಗ್ಗಲು ಮೂವತ್ತರಿಂದ ನಲವತ್ತು ನಿಮಿಷ ಬೇಕು. ಅವುಗಳೊಳಗಿನ ಕೆನ್ನೇರಳೆ ಬಣ್ಣದ ರೊಡಾಪ್ಸಿನ್ ಎಂಬ ದ್ರವ್ಯ ಬೆಳಕಿಗೆ ಒಡೆಯುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ನಲವತ್ತು ನಿಮಿಷದ ಈ ಸಂಪಾದನೆಯನ್ನು ಎರಡು ಸೆಕೆಂಡಿನ ಮೊಬೈಲ್ ಬೆಳಕು ಹಾಳು ಮಾಡುತ್ತದೆ. ಕೆಂಪು ಬೆಳಕಿಗೆ ಮಾತ್ರ ದಂಡಕೋಶಗಳು ಹೆಚ್ಚು ಕದಲುವುದಿಲ್ಲ, ಗಾಳಿಯಂತ್ರದ ದೀಪಗಳನ್ನು ಕ್ಷಮಿಸಿದ್ದು ಅದಕ್ಕೇ. ಟಾರ್ಚಿಗೂ ಮೊಬೈಲಿಗೂ ಕೆಂಪು ಜಿಲೇಟಿನ್ ಹಾಳೆಯನ್ನು ಎರಡು ಮೂರು ಪದರ ಸುತ್ತಿ. ನೋಡುವ ಕಣ್ಣಿಗೆ ಸಂಜೆಯಿಂದಲೇ ಪಟ್ಟಿ ಕಟ್ಟಿಕೊಂಡರೂ ಆದೀತು. ನಾನು ಹಾಗೆ ಕಟ್ಟಿಕೊಂಡು ಜಗಳೂರಿನಲ್ಲಿ ಚಹಾ ಕುಡಿಯಲು ನಿಂತಾಗ, ಕನ್ನಡಕದ ಅಂಗಡಿಯವರಿಗೇ ಕಣ್ಣು ಹೋಯಿತೇ ಎಂದು ಪರಿಚಯದವರೊಬ್ಬರು ಮರುಗಿದರು.

ಕನ್ನಡಕ ಹಾಕಿಕೊಳ್ಳಬೇಕೇ ತೆಗೆಯಬೇಕೇ ಎಂದು ಬಹಳ ಜನ ಕೇಳುತ್ತಾರೆ. ನಿಮ್ಮ ಚೀಟಿಯಲ್ಲಿ ಬರೀ ಮೈನಸ್ ಅಥವಾ ಪ್ಲಸ್ ನಂಬರ್ ಇದ್ದರೆ ತೆಗೆದಿಡಿ, ಟೆಲಿಸ್ಕೋಪಿನ ಫೋಕಸ್ ತಿರುಗಿಸಿದರೆ ಅದು ಸರಿಹೋಗುತ್ತದೆ. ಸಿಲಿಂಡರ್ ಎಂಬ ಕಾಲಂನಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಹಾಕಿಕೊಂಡೇ ನೋಡಿ. ಯಾವ ಫೋಕಸ್ ಕೂಡ ಸಿಲಿಂಡರನ್ನು ಸರಿಪಡಿಸುವುದಿಲ್ಲ.

ಇನ್ನು ಹುಡುಕುವ ದಾರಿ. ಉತ್ತರಕ್ಕೆ ಮುಖ ಮಾಡಿ. ಏಪ್ರಿಲ್ ಕೊನೆಯ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲ ಬೋರಲು ಹಾಕಿದ ಸೌಟಿನಂತೆ ಎತ್ತರದಲ್ಲಿ ಕಾಣುತ್ತದೆ. ಸೌಟಿನ ಬಟ್ಟಲಿಗೆ ನಾಲ್ಕು, ಹಿಡಿಗೆ ಮೂರು: ಅಂಗೀರಸ, ವಸಿಷ್ಠ, ಮರೀಚಿ. ಮರೀಚಿ ಹಿಡಿಯ ತುದಿ, ಎಲ್ಲಕ್ಕಿಂತ ಬಲಕ್ಕೆ. ಅನುಮಾನವಿದ್ದರೆ ಹಿಡಿಯ ಬಾಗನ್ನು ಹಾಗೆಯೇ ಮುಂದುವರಿಸಿ. ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ಬಿಳಿಯ ಚಿತ್ತಾ ಸಿಗುತ್ತವೆ. ಸಿಕ್ಕರೆ ನೀವು ಹಿಡಿದದ್ದು ಸರಿಯಾದ ಸೌಟೇ.

ಮೊದಲು ಟೆಲಿಸ್ಕೋಪನ್ನು ಮರೀಚಿಗಲ್ಲ, ವಸಿಷ್ಠನಿಗೆ ತಿರುಗಿಸಿ. ಪಕ್ಕದ ಪುಟ್ಟ ನಕ್ಷತ್ರವೇ ಅರುಂಧತಿ. ನಮ್ಮ ಮದುವೆಗಳಲ್ಲಿ ಪುರೋಹಿತರು ಹಗಲು ಹನ್ನೊಂದು ಗಂಟೆಗೆ ಕಲ್ಯಾಣ ಮಂಟಪದ ಫ್ಯಾನಿನ ಕಡೆಗೆ ಕೈ ತೋರಿಸಿ ಅರುಂಧತಿ ಕಂಡಿತೇ ಎನ್ನುತ್ತಾರೆ, ನಾವೂ ಕಂಡಿತು ಎನ್ನುತ್ತೇವೆ. ನನ್ನ ಹೆಂಡತಿಗೆ ನಿಜವಾದ ಅರುಂಧತಿಯನ್ನು ತೋರಿಸಿದ್ದು ಮದುವೆಯಾಗಿ ಹದಿನಾಲ್ಕು ವರ್ಷಗಳ ಮೇಲೆ. ಇರಲಿ. ವಸಿಷ್ಠನಲ್ಲಿ ನಮಗೆ ಎರಡು ಕೆಲಸಗಳಿವೆ. ಒಂದು ಫೋಕಸ್. 48 ಪಟ್ಟಿನಲ್ಲಿ ವಸಿಷ್ಠನೇ ಎರಡಾಗಿ, ಒಂದಕ್ಕೊಂದು ಅಂಟಿಕೊಂಡ ಎರಡು ಚುಕ್ಕೆಗಳಾಗಿ ಕಾಣಬೇಕು. ಹಾಗೆ ಕಾಣುವವರೆಗೆ ಗುಂಡಿ ತಿರುಗಿಸಿ, ಆಮೇಲೆ ಅದನ್ನು ಮುಟ್ಟಬೇಡಿ. ಮಂಕು ಗೆಲಾಕ್ಸಿಯ ಮೇಲೆ ಫೋಕಸ್ ಮಾಡಲು ಆಗುವುದೇ ಇಲ್ಲ. ಎರಡನೆಯದು ಅಳತೆ. ವಸಿಷ್ಠನಿಗೂ ಅರುಂಧತಿಗೂ ನಡುವಿನ ಅಂತರವನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಅದು ಸುಮಾರು 12 ಕಲೆ, ಅಂದರೆ ಒಂದು ಡಿಗ್ರಿಯ ಐದನೆಯ ಒಂದು ಪಾಲು. ಎಂ 51ರ ಉದ್ದ 11 ಕಲೆ. ಆ ದಂಪತಿಗಳ ನಡುವೆ ಸರಿಯಾಗಿ ಕೂರುವಷ್ಟು. ಪುಸ್ತಕದ ಪುಟದಲ್ಲಿ ಅಂಗೈ ಅಗಲದ ಬಣ್ಣದ ಚಿತ್ರ ನೋಡಿ ಬಂದ ಕಣ್ಣು ಅಷ್ಟು ದೊಡ್ಡದನ್ನೇ ಹುಡುಕುತ್ತಿರುತ್ತದೆ. ನನ್ನ ಎರಡನೆಯ ಬೇಸಿಗೆ ವ್ಯರ್ಥವಾದದ್ದು ಹೀಗೆ. ಬಹುಶಃ ಅದು ನನ್ನ ನೋಟದ ವೃತ್ತದೊಳಗೇ ಇತ್ತು, ನಾನೇ ದಾಟಿಕೊಂಡು ಹೋದೆ.

ಈಗ ಮರೀಚಿಗೆ ಬನ್ನಿ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 2 ಡಿಗ್ರಿ. ಮರೀಚಿಯಿಂದ ಪಶ್ಚಿಮಕ್ಕೆ, ಅಂದರೆ ಎಡಕ್ಕೆ, ಒಂದು ಹೆಬ್ಬೆರಳು ಹೋದರೆ ಮಂಕಾದ ಒಂಟಿ ನಕ್ಷತ್ರ ಸಿಗುತ್ತದೆ. ಕಾಂತಿಮಾನ 4.7, ಕತ್ತಲೆ ಒಗ್ಗಿದ ಕಣ್ಣಿಗೆ ಬರಿಗಣ್ಣಲ್ಲೇ ಕಾಣುತ್ತದೆ, ಕಾಣದಿದ್ದರೆ ಆ ರಾತ್ರಿಯ ಆಕಾಶ ಸಾಲದು ಎಂದೇ ಅರ್ಥ, ಮಲಗಿಬಿಡಿ. ಆ ನಕ್ಷತ್ರದಿಂದ ಲಂಬವಾಗಿ ನೆತ್ತಿಯ ಕಡೆಗೆ ಇನ್ನೊಂದು ಹೆಬ್ಬೆರಳು. ಅಲ್ಲಿದೆ. ಮೂರೂ ಸೇರಿ ಬಡಗಿಯ ಮೂಲೆಮಟ್ಟದ ಆಕಾರ: ಮರೀಚಿ ಒಂದು ತುದಿ, ಒಂಟಿ ನಕ್ಷತ್ರ ಮೂಲೆ, ಸುಳಿ ಇನ್ನೊಂದು ತುದಿ. ಬೈನಾಕ್ಯುಲರಿನಲ್ಲಿ ಈ ಮೂಲೆಮಟ್ಟ ಪೂರ್ತಿಯಾಗಿ ಒಂದೇ ನೋಟಕ್ಕೆ ಬರುತ್ತದೆ, ಹಾಗಾಗಿ ಮೊದಲು ಬೈನಾಕ್ಯುಲರಿನಲ್ಲಿ ಜಾಗ ಗುರುತಿಸಿಕೊಂಡು ಆಮೇಲೆ ಟೆಲಿಸ್ಕೋಪಿಗೆ ಹೋಗುವುದು ಜಾಣತನ. ನಾನು ಹೇಳಿದ ಎಡ, ಮೇಲೆ ಎಲ್ಲವೂ ಸುಳಿ ಉತ್ತರದಲ್ಲಿ ಅತಿ ಎತ್ತರಕ್ಕೆ ಬಂದ ಹೊತ್ತಿನ ಮಾತು. ಶಿವರಾತ್ರಿಯಂದು ಒಂದು ಗಂಟೆಗೆ ನೋಡುವವರು ಇಡೀ ಚಿತ್ರವನ್ನು ಓರೆಯಾಗಿಸಿಕೊಳ್ಳಬೇಕು. ನ್ಯೂಟನ್ ಮಾದರಿಯ ಟೆಲಿಸ್ಕೋಪಿನಲ್ಲಿ ಎಲ್ಲವೂ ತಲೆಕೆಳಗು ಎಂಬುದೂ ನೆನಪಿರಲಿ. ನಮ್ಮ ಅಕ್ಷಿಪಟಲದ ಮೇಲೂ ಜಗತ್ತು ತಲೆಕೆಳಗಾಗಿಯೇ ಬೀಳುತ್ತದೆ, ಯಾರೂ ದೂರು ಕೊಟ್ಟಿಲ್ಲ.

ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಬಗ್ಗಿ ನಿಂತವನ ಕಣ್ಣು ಅರ್ಧ ಕೆಲಸ ಮಾಡುತ್ತದೆ. ತಲೆಯ ಮೇಲೆ ಕರಿ ಕಂಬಳಿ ಹೊದ್ದುಕೊಳ್ಳಿ, ಹಳೆಯ ಕಾಲದ ಫೋಟೋಗ್ರಾಫರುಗಳ ಹಾಗೆ. ಏಪ್ರಿಲ್ ಸೆಖೆಯಲ್ಲಿ ಕಂಬಳಿಯೇ ಎಂದು ನಗಬೇಡಿ, ನಕ್ಷತ್ರಗಳ ಬೆಳಕೂ ಪಕ್ಕದಿಂದ ನುಸುಳುವಂಥ ಕತ್ತಲಲ್ಲಿ ಕಂಬಳಿ ಮಾಡುವ ವ್ಯತ್ಯಾಸ ಒಂದು ಇಂಚು ದೊಡ್ಡ ಕನ್ನಡಿ ಕೊಂಡಷ್ಟು ಎಂದು ನನಗೆ ಅನಿಸಿದೆ. ಇಷ್ಟಾದರೂ ಕಾಣದಿದ್ದರೆ ಟೆಲಿಸ್ಕೋಪಿನ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲುಗದ ಮಂಕು ವಸ್ತುವನ್ನು ಮಿದುಳು ಅಳಿಸಿಹಾಕುತ್ತದೆ, ಅಲುಗಿದರೆ ಹಿಡಿಯುತ್ತದೆ.

ಏನು ಕಾಣುತ್ತದೆ? ಬಣ್ಣವಿಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಮೂಡಿ ಮಾಯವಾಗುವ ಮಸುಕು, ಅದರ ನಡುವೆ ಸ್ವಲ್ಪ ಬಿಳುಪಾದ ಬೀಜ. ಪಕ್ಕದಲ್ಲೇ ಇನ್ನೊಂದು, ಚಿಕ್ಕ ಮಸುಕು, ಅದಕ್ಕೂ ಒಂದು ಬೀಜ. ಕಂಡ ಮೇಲೆ 10 ಮಿ.ಮೀ. ಕಣ್ಣುಮಸೂರ ಹಾಕಿ 120 ಪಟ್ಟಿಗೆ ಹೋಗಿ. ಹಿನ್ನೆಲೆ ಇನ್ನಷ್ಟು ಕಪ್ಪಾಗಿ ಎರಡು ಬೀಜಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಸುರುಳಿಯ ತೋಳುಗಳು? ನನ್ನ 6 ಇಂಚಿನಲ್ಲಿ ಕಂಡೆ ಎಂದು ಎದೆ ತಟ್ಟಿ ಹೇಳಲಾರೆ. ದೊಡ್ಡ ಮಸುಕು ಎಲ್ಲ ಕಡೆ ಒಂದೇ ಸಮನಾಗಿಲ್ಲ, ಒಂದು ಕಡೆ ಗಂಟುಗಂಟಾಗಿದೆ ಎಂಬವರೆಗೆ ಖಚಿತ. 8 ಇಂಚಿನಲ್ಲಿ ಸುಳಿವು ಸಿಗುತ್ತದೆ, 10 ಇಂಚು ದಾಟಿದರೆ ಸುಳಿ ತಾನೇ ಬಿಚ್ಚಿಕೊಳ್ಳತೊಡಗುತ್ತದೆ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಫ್ರಾನ್ಸಿನ ಶಾರ್ಲ್ ಮೆಸ್ಸಿಯೇ 1773ರ ಅಕ್ಟೋಬರ್ 13ರಂದು ಇದನ್ನು ಮೊದಲು ಕಂಡಾಗ ಅವನಿಗೂ ಬರೀ ಮಸುಕೇ ಕಂಡಿತ್ತು. ಅವನು ಧೂಮಕೇತುಗಳ ಬೇಟೆಗಾರ. ಧೂಮಕೇತುವಿನಂತೆ ಕಂಡು ಮೋಸಗೊಳಿಸುವ ವಸ್ತುಗಳ ಪಟ್ಟಿಯೊಂದನ್ನು ಮಾಡಿದ, ಅದರಲ್ಲಿ ಇದು 51ನೆಯದು. ಆ ಹೊತ್ತಿಗೆ ನಮ್ಮ ದುರ್ಗದಲ್ಲಿ ಮದಕರಿ ನಾಯಕನ ಆಳ್ವಿಕೆ, ಹೈದರಾಲಿ ಕೋಟೆ ಹಿಡಿಯಲು ಇನ್ನೂ ಆರು ವರ್ಷಗಳಿದ್ದವು. ಪಕ್ಕದ ಚಿಕ್ಕದನ್ನು ಕಂಡವನು ಪಿಯೇರ್ ಮೇಶೆನ್, 1781ರಲ್ಲಿ. ಸುಳಿಯ ಆಕಾರ ಗೊತ್ತಾದದ್ದು 1845ರಲ್ಲಿ. ಐರ್ಲೆಂಡಿನ ಬರ್ ಎಂಬಲ್ಲಿ ಲಾರ್ಡ್ ರಾಸ್ ತನ್ನ ಕೋಟೆಯ ಅಂಗಳದಲ್ಲಿ 6 ಅಡಿ ಅಗಲದ ಕನ್ನಡಿಯ ಟೆಲಿಸ್ಕೋಪ್ ನಿಲ್ಲಿಸಿದ್ದ. ಕನ್ನಡಿ ಗಾಜಿನದಲ್ಲ, ತಾಮ್ರ ಮತ್ತು ತವರದ ಮಿಶ್ರಲೋಹ, ತೂಕ ಸುಮಾರು 3 ಟನ್. ಐರ್ಲೆಂಡಿನ ತೇವಕ್ಕೆ ಅದು ಬೇಗ ಮಸುಕಾಗುತ್ತಿತ್ತು, ಅದಕ್ಕೆಂದು ಎರಡು ಕನ್ನಡಿ ಮಾಡಿಸಿ, ಒಂದು ಉಜ್ಜಿಸಿಕೊಳ್ಳುವಾಗ ಇನ್ನೊಂದನ್ನು ಬಳಸುತ್ತಿದ್ದ. ಈ ಸಂಗತಿ ಓದಿದಾಗಿನಿಂದ, ಗೀರು ಬಿದ್ದ ಲೆನ್ಸ್ ತಂದು ಜಗಳಕ್ಕೆ ನಿಲ್ಲುವ ಗಿರಾಕಿಗಳ ಮೇಲೆ ನನಗೆ ಸಿಟ್ಟು ಕಡಿಮೆಯಾಗಿದೆ. ರಾಸ್ ಕಣ್ಣಿಟ್ಟು ನೋಡಿ, ಪೆನ್ಸಿಲಿನಲ್ಲಿ ಸುರುಳಿ ಬಿಡಿಸಿದ. ಗೆಲಾಕ್ಸಿಯೊಂದರ ಸುರುಳಿಯನ್ನು ಮನುಷ್ಯ ಮೊದಲ ಬಾರಿ ಕಂಡದ್ದು ಇಲ್ಲಿಯೇ. ಆದರೆ ಅದು ಗೆಲಾಕ್ಸಿ, ನಮ್ಮ ಆಕಾಶಗಂಗೆಯಿಂದ ಹೊರಗಿನದು ಎಂದು ಅವನಿಗೂ ತಿಳಿದಿರಲಿಲ್ಲ. ಎಡ್ವಿನ್ ಹಬಲ್ ಅಂಥ ದೂರಗಳನ್ನು ಅಳೆದು ತೋರಿಸಿದ್ದು 1920ರ ದಶಕದಲ್ಲಿ.

ನೀವೂ ಪೆನ್ಸಿಲ್ ಹಿಡಿಯಿರಿ. ಡಬ್ಬಿಯ ಮುಚ್ಚಳ ಇಟ್ಟು ಒಂದು ವೃತ್ತ ಎಳೆದು, ಕಂಡ ನಕ್ಷತ್ರಗಳನ್ನೂ ಮಸುಕುಗಳನ್ನೂ ಗುರುತಿಸಿ. ಬಿಡಿಸುವಾಗ ಕಾಣುವಷ್ಟು ಸುಮ್ಮನೆ ನೋಡುವಾಗ ಕಾಣುವುದಿಲ್ಲ. ಇನ್ನೊಂದು ಲಾಭವೂ ಇದೆ. ಈ ಗೆಲಾಕ್ಸಿಯಲ್ಲಿ 1994, 2005, 2011ರಲ್ಲಿ ಮೂರು ಸೂಪರ್‌ನೋವಾಗಳು ಕಂಡವು, ಅಂದರೆ ಹದಿನೇಳು ವರ್ಷಗಳಲ್ಲಿ ಮೂರು ನಕ್ಷತ್ರಗಳ ಸ್ಫೋಟ. ಹಳೆಯ ಚಿತ್ರ ಕೈಯಲ್ಲಿದ್ದರೆ ಹೊಸ ಚುಕ್ಕೆ ಬಂದದ್ದು ತಿಳಿಯುತ್ತದೆ.

ಬೇರೆಯವರಿಗೆ ತೋರಿಸುವಾಗ ಏನು ಕಾಣಬೇಕೆಂದು ಮೊದಲೇ ಹೇಳಬೇಡಿ. ಇದನ್ನು ನನಗೆ ಕಲಿಸಿದವರು ಮಾವ. ಅವರಿಗೆ ನನ್ನ ಈ ಹವ್ಯಾಸದ ಬಗ್ಗೆ ಇದ್ದ ಒಂದೇ ಅಭಿಪ್ರಾಯವೆಂದರೆ ಅಳಿಯನನ್ನು ಹಾವು ಕಚ್ಚುತ್ತದೆ ಎಂಬುದು. ಹಾಗಾಗಿ ಅರ್ಧ ಗಂಟೆಗೊಮ್ಮೆ ದೊಡ್ಡ ಟಾರ್ಚ್ ಹಿಡಿದು ಬಂದು ನನ್ನ ಕಾಲಿನ ಸುತ್ತ ಬೆಳಕು ಚೆಲ್ಲಿ, ನನ್ನ ರೊಡಾಪ್ಸಿನ್ ಎಲ್ಲವನ್ನೂ ಮಣ್ಣುಪಾಲು ಮಾಡಿ ಹೋಗುತ್ತಿದ್ದರು. ಒಮ್ಮೆ ಮಧ್ಯರಾತ್ರಿಗೆ ತ್ರೀ ಫೇಸ್ ಕರೆಂಟು ಬರುವುದಿತ್ತು. ಮೋಟರ್ ಹಾಕಲು ಬಂದವರು ಕರೆಂಟು ಬಾರದೆ ಕಣದಲ್ಲಿ ಕೂತರು. ಟಾರ್ಚ್ ಆರಿಸಿ ಅರ್ಧ ಗಂಟೆ ಮೇಲಾಗಿತ್ತು. ಹಿಂದಿನ ವರ್ಷವಷ್ಟೇ ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದರು.

"ಬಲಗಣ್ಣು ಇಡಿ. ಬಲಕ್ಕೆ ನೋಡಿ, ಮನಸ್ಸು ಮಾತ್ರ ನಡುವಿನಲ್ಲಿರಲಿ" ಎಂದೆ. ಅಷ್ಟೇ ಹೇಳಿದ್ದು.

ಒಂದು ನಿಮಿಷ ಮಾತಿಲ್ಲ. ಕಂಬಳಿಯೊಳಗಿಂದ ಉಸಿರಾಟ ಕೇಳುತ್ತಿತ್ತು. ಆಮೇಲೆ, "ಎರಡಿವೆ. ಆಕಳ ಪಕ್ಕ ಕರು ಮಲಗಿದ ಹಾಗೆ" ಎಂದರು.

ಆ ಚಿಕ್ಕದು ನಿಜವಾಗಿಯೂ ಬೇರೆ ಗೆಲಾಕ್ಸಿ, ಕೋಟ್ಯಂತರ ವರ್ಷಗಳ ಹಿಂದೆ ದೊಡ್ಡದರ ತೀರ ಹತ್ತಿರ ಹಾಯ್ದುಹೋಗಿದೆ, ಅದರ ಸೆಳೆತದಿಂದಲೇ ದೊಡ್ಡದರ ಸುರುಳಿ ಅಷ್ಟು ಎದ್ದು ಕಾಣುವುದು, ಈಗ ಸ್ವಲ್ಪ ಹಿಂದಕ್ಕೆ ಸರಿದು ನಿಂತಿದೆ ಎಂದೆಲ್ಲ ವಿವರಿಸಿದೆ. ಅವರು ಕಣ್ಣು ತೆಗೆಯದೆ ಕೇಳಿಸಿಕೊಂಡರು. "ಇದು ಯಾವ ಮಳೆಯ ನಕ್ಷತ್ರ?" ಎಂದು ಕೇಳಿದರು. ಯಾವ ಮಳೆಯದ್ದೂ ಅಲ್ಲ ಎಂದೆ. "ಹಾಗಾದರೆ ಇದರಿಂದ ಏನು ಪ್ರಯೋಜನ?" ನನ್ನ ಹತ್ತಿರ ಉತ್ತರವಿರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಕೊಳವೆಬಾವಿಯ ಮೋಟರ್ ಗುಂಯ್‌ಗುಟ್ಟಿತು. ಅವರು ಹೋಗಿ ನೀರಿನ ಮಡೆ ತಿರುಗಿಸಿ, ಕೆಸರುಗಾಲಿನಲ್ಲೇ ವಾಪಸ್ಸು ಬಂದು ನನ್ನನ್ನು ಸ್ಟೂಲಿನಿಂದ ಎಬ್ಬಿಸಿದರು.

ಈಗ ಯುಗಾದಿ ಹತ್ತಿರ ಬಂದರೆ ಅವರೇ ಫೋನ್ ಮಾಡುತ್ತಾರೆ. ಈ ವರ್ಷ ಹೇಳಿದ್ದು ಇಷ್ಟು: ಆಕಾಶ ತಿಳಿಯಾಗಿದೆ, ಮೋಟರ್ ಮನೆಯ ಬಲ್ಬು ಬಿಚ್ಚಿಟ್ಟಿದ್ದೇನೆ, ಬರುವಾಗ ಕೆಂಪು ಹಾಳೆ ನನಗೂ ಎರಡು ತನ್ನಿ.